ಅವತ್ತು ನೀನು ಹಾಜರಿ ಕೂಗಿದ್ದೆ, ಮುನಿರಾಜು

ಪಂಕ್ಚರ್ ಸಲ್ಯೂಷನ್ ಟ್ಯೂಬನ್ನು ಮರೆತು ಬಂದವನು ನೀನಲ್ಲ, ಮುನಿರಾಜು. ಅದು ನನ್ನ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿತ್ತು. ನಾನೇ ಇಟ್ಟುಕೊಂಡಿದ್ದೆ — ಸ್ವಇಚ್ಛೆಯಿಂದ, ಯಾರ ಒತ್ತಾಯ, ಬಲವಂತ, ಆಮಿಷಗಳೂ ಇಲ್ಲದೆ. ಹೊಸಕೋಟೆಯ ನೋಂದಣಿ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು, ಈ ಮಾತನ್ನು ಮೂವತ್ತೆಂಟು ವರ್ಷಗಳಿಂದ ಬೇರೆಯವರ ಪರವಾಗಿ ಬರೆಯುತ್ತಾ ಬಂದಿದ್ದೇನೆ. ನನ್ನ ಪರವಾಗಿ ಬರೆಯುತ್ತಿರುವುದು ಇದೇ ಮೊದಲು. ಅಲ್ಲಲ್ಲಿ ಹೊಡೆದು ತಿದ್ದಿದ್ದೇನೆ. ಅದಕ್ಕೆ ವಯಸ್ಸು ಕಾರಣವಲ್ಲ.

ನಿನಗೆ ಗೊತ್ತಿರುವುದನ್ನೂ ಇದರಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಜಮೀನು ಮಾರುವವನಿಗೂ ಕೊಳ್ಳುವವನಿಗೂ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಓಣಿ ಎಂದು ಚೆನ್ನಾಗಿ ಗೊತ್ತಿರುತ್ತದೆ. ಆದರೂ ಪತ್ರದಲ್ಲಿ ನಾಲ್ಕು ದಿಕ್ಕೂ ಬರೆಯದಿದ್ದರೆ ಅದು ಪತ್ರವಾಗುವುದಿಲ್ಲ. ಇದನ್ನು ನೀನು ನಿನ್ನ ಹೆಂಡತಿ ಜಯಮ್ಮನ ಎದುರು, ಲೋಕೇಶನ ಎದುರು ಗಟ್ಟಿಯಾಗಿ ಓದಬೇಕೆಂಬುದು ನನ್ನ ಆಸೆ — ಆಸೆ ಎಂದರೆ, ಭಯ.

ಎಲ್ಲ ಶುರುವಾದದ್ದು ಬಣ್ಣದ ಜಗಳದಿಂದ. ಆರು ವರ್ಷದ ಹಿಂದೆ, ಒಂದು ಭಾನುವಾರ. ನಾವು ಮೂವರೂ ಎಂದಿನಂತೆ ಸೈಕಲ್ಲಿನಲ್ಲಿ ಹೊಸಕೋಟೆ ಕೆರೆಯನ್ನು ಸುತ್ತಿ, ಹೆಜ್ಜಾರ್ಲೆಗಳು ಮೀನು ನುಂಗುವುದನ್ನು ನೋಡಿ, ನಿನ್ನ ಗುಲಾಬಿ ತೋಟದಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ನೀನು, ನಾನು, ನಿನ್ನ ಪಕ್ಕದ ಮನೆಯ ಲೋಕೇಶ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಲೋಕೇಶನಿಗೆ ನಮ್ಮ ಅರ್ಧ ವಯಸ್ಸು, ಅವನ ಸೈಕಲ್ಲಿಗೆ ನಮ್ಮ ಸೈಕಲ್ಲುಗಳಿಗಿಂತ ಇಪ್ಪತ್ತು ಗೇರು ಹೆಚ್ಚು. ಅವನು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಸಮುದ್ರದ ಪಕ್ಕದ ಪುಲಿಕಾಟ್ ಸರೋವರ. ಮೊಣಕಾಲುದ್ದ ನೀರಿನಲ್ಲಿ ಸಾವಿರಾರು ರಾಜಹಂಸಗಳು. ಎಲ್ಲವೂ ಗುಲಾಬಿ ಬಣ್ಣ.

ನೀನು ಕನ್ನಡಕ ಏರಿಸಿ ನೋಡಿದೆ. ಇಳಿಸಿ ನೋಡಿದೆ.

"ಇದಕ್ಕೆ ಕಲರ್ ತುಂಬವ್ರೆ ಕಣ್ಲಾ."

"ಇಲ್ಲ ಅಣ್ಣ, ಒರಿಜಿನಲ್ಲು."

"ಇಪ್ಪತ್ತು ವರ್ಷದಿಂದ ಗುಲಾಬಿ ಬೆಳೀತಿದೀನಿ. ನಂಗೇ ಗುಲಾಬಿ ಬಣ್ಣ ತೋರಿಸ್ತೀಯಾ? ಗೊಬ್ಬರ, ಔಷಧಿ ಎಲ್ಲಾ ಹಾಕಿದ್ರೂ ನಮ್ ಗಿಡದಲ್ಲಿ ಈ ಬಣ್ಣ ಬರಲ್ಲ. ಕೆಸರು ತಿನ್ನೋ ಹಕ್ಕಿಗೆ ಬಂದ್ಬಿಡ್ತಾ?"

"ಮೊಬೈಲ್ ಸುಳ್ಳು ಹೇಳಲ್ಲಣ್ಣ."

"ಮೊಬೈಲ್ ಹೇಳಲ್ಲ, ಅದರೊಳಗಿರೋರು ಹೇಳ್ತಾರೆ."

ಒಳಗಿನಿಂದ ಜಯಮ್ಮ ಕೂಗಿದರು: "ಜಗಳ ಯಾಕ್ರಪ್ಪಾ? ಹೋಗಿ ನೋಡ್ಕೊಂಡು ಬನ್ನಿ. ನನ್ಗೂ ನಾಕು ದಿನ ಮನೆ ತಣ್ಣಗಿರ್ತದೆ."

ಹೀಗೆ ಒಂದು ಹಕ್ಕಿಯ ಬಣ್ಣವನ್ನು ಇತ್ಯರ್ಥಪಡಿಸಲು ಅರವತ್ತರ ಆಸುಪಾಸಿನ ಇಬ್ಬರೂ ಮೂವತ್ತು ದಾಟಿದ ಒಬ್ಬನೂ ಸೈಕಲ್ಲಿನಲ್ಲಿ ಮುನ್ನೂರು ಕಿಲೋಮೀಟರ್ ಹೋಗುವುದೆಂದು ತೀರ್ಮಾನವಾಯಿತು. ನಿಬಂಧನೆ ಹಾಕಿದವನು ನೀನು. ಒಂದು: ಯಾರೂ ಯಾರನ್ನೂ ಬಿಟ್ಟು ಮುಂದೆ ಹೋಗತಕ್ಕದ್ದಲ್ಲ. ಎರಡು: ಹೋಗುವಾಗ ಬೇರೆ ವಾಹನ ಹತ್ತತಕ್ಕದ್ದಲ್ಲ. ಈ ಎರಡನೆಯದನ್ನು ನಾನು ಕಚೇರಿಯ ಎದುರು ಸ್ಟಾಂಪು ಮಾರುವವರಿಂದ ಹಿಡಿದು ಜೆರಾಕ್ಸ್ ಅಂಗಡಿಯವನವರೆಗೆ ಎಲ್ಲರಿಗೂ ಹೇಳಿಕೊಂಡು ಬಂದೆ. ಹೇಳುವುದಕ್ಕೆ ಸುಲಭವಾಗಿತ್ತು. ಹೇಳುವಾಗ ಕುರ್ಚಿಯ ಮೇಲೆ ಕೂತಿದ್ದೆ ನೋಡು.

ನೀನು ನಿನ್ನ ತಂದೆಯ ಕಾಲದ ಕಬ್ಬಿಣದ ಸೈಕಲ್ಲು ತೆಗೆದೆ, ಸ್ಪ್ರಿಂಗ್ ಇರುವ ಅಗಲವಾದ ಸೀಟು. ನಾನು ಹೊಸ ಸೈಕಲ್ ಕೊಂಡೆ. ಅದರ ಸೀಟಿನ ಅಗಲ ಈಳಿಗೆಮಣೆಯ ಅಲಗಿಗಿಂತ ಸ್ವಲ್ಪ ಹೆಚ್ಚು. "ಇದ್ರ ಮೇಲೆ ಕೂರ್ತೀಯಾ, ಇಲ್ಲ ಇದ್ರಲ್ಲಿ ತರಕಾರಿ ಹೆಚ್ತೀಯಾ?" ಎಂದು ನೀನು ಕೇಳಿದ್ದೆ. ಮುಳಬಾಗಿಲು ದಾಟುವಷ್ಟರಲ್ಲಿ ಉತ್ತರ ನನಗೇ ಗೊತ್ತಾಗಿತ್ತು.

ಆದರೂ ಆ ನಾಲ್ಕು ದಿನ! ಪಲಮನೇರಿನ ಆಚೆಯ ಘಾಟಿಯಲ್ಲಿ ಇಳಿಯುವಾಗ ನೀನು ಎರಡೂ ಕಾಲು ಚಾಚಿ "ಲೇ ಸೀನಾ, ಬ್ರೇಕ್ ಹಿಡೀಬೇಡ ಕಣೋ, ದೇವರು ಕೊಟ್ಟಿರೋ ಇಳಿಜಾರು!" ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಕಾಳಹಸ್ತಿ ದಾಟಿದ ಮೇಲೆ ನೆಲ ಚಪ್ಪಟೆಯಾಯಿತು. ನಮ್ಮ ಕಡೆಯಂತೆ ಏರಿಲ್ಲ, ದಿಬ್ಬವಿಲ್ಲ, ಬಂಡೆಯಿಲ್ಲ. ಗದ್ದೆ, ಕೆಸರು, ಎಮ್ಮೆ, ಎಮ್ಮೆಯ ಬೆನ್ನ ಮೇಲೆ ಬೆಳ್ಳಕ್ಕಿ. ಎದುರು ಗಾಳಿಯಲ್ಲಿ ಉಪ್ಪಿನ ವಾಸನೆ. ನೀನು ಎಲ್ಲವನ್ನೂ ಮೊದಲು ಕಂಡು ಕೂಗಿ ಹೇಳುತ್ತಿದ್ದೆ. ನಾನು ಹೂಂ ಎನ್ನುತ್ತಿದ್ದೆ. ಆ ಹೊತ್ತಿಗೆ ನನ್ನ ಎರಡೂ ತೊಡೆಯ ಸಂದು ತರಚಿ ಹಸಿಯಾಗಿ, ಪ್ರತಿ ತುಳಿತಕ್ಕೂ ಒಂದೊಂದು ನಕ್ಷತ್ರ ಕಾಣುತ್ತಿತ್ತು. ಹೇಳಲಿಲ್ಲ. ಸ್ಟಾಂಪು ಮಾರುವವರ ಮುಖ ನೆನಪಾಗುತ್ತಿತ್ತು.

ಇನ್ನು ನಿನ್ನ ಹಾಜರಿಯ ವಿಷಯ. ಪ್ರತಿ ಸಂಜೆ, ಎಲ್ಲಿ ಉಳಿದರೂ, ನೀನು ನೆಲದ ಮೇಲೆ ಟವಲು ಹಾಸಿ, ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಪಂಕ್ಚರ್ ಸಾಮಾನುಗಳನ್ನು ಸುರಿದು, ಒಂದೊಂದರ ಹೆಸರು ಕೂಗುತ್ತಿದ್ದೆ. ಪ್ರೈಮರಿ ಸ್ಕೂಲಿನಲ್ಲಿ ಕ್ಲಾಸ್ ಲೀಡರ್ ಆಗಿದ್ದಾಗಿನ ಅದೇ ಗಂಟಲು. "ಟೈರ್ ಲಿವರ್!" ನಾನು ಎತ್ತಿ ತೋರಿಸಿ "ಹಾಜರ್" ಎನ್ನಬೇಕು. "ಉಪ್ಪುಕಾಗದ!" "ಹಾಜರ್." "ಪ್ಯಾಚು!" "ಹಾಜರ್." "ಸಲ್ಯೂಷನ್!" "ಹಾಜರ್." ಕರೆದ ಮೇಲೆ ಒಂದೊಂದಾಗಿ ಡಬ್ಬಿಗೆ. ಲೋಕೇಶ ನಗುತ್ತಿದ್ದ. ನೀನು ನಗುತ್ತಿರಲಿಲ್ಲ. ತೋಟದಲ್ಲೂ ನೀನು ಹಾಗೆಯೇ ಅಲ್ಲವೆ — ಕತ್ತರಿ, ಕುಡುಗೋಲು, ಕಸಿ ಚಾಕು, ಎಲ್ಲವನ್ನೂ ಕರೆದೇ ಬಾಗಿಲು ಹಾಕುವವನು. ಐವತ್ತು ವರ್ಷದ ಸ್ನೇಹದಲ್ಲಿ ನೀನು ಏನನ್ನಾದರೂ ಮರೆತದ್ದನ್ನು ನಾನು ನೋಡಿರಲಿಲ್ಲ.

ನಾಲ್ಕನೆಯ ಸಂಜೆ ಸರೋವರಕ್ಕೆ ಹತ್ತು ಕಿಲೋಮೀಟರ್ ಈಚೆಯ ಪೇಟೆಯಲ್ಲಿ ಒಂದು ಲಾಡ್ಜು ಹಿಡಿದೆವು. ಕೆಳಗಿನ ಟೀ ಅಂಗಡಿಯವನು ತೆಲುಗಿನಲ್ಲಿ ವಿವರವಾಗಿ ಹೇಳಿದ: ಬೆಳಗ್ಗೆ ಆರೂವರೆಗೆ ಹೋದರೆ ಹಕ್ಕಿಗಳು ರಸ್ತೆಯ ಪಕ್ಕದಲ್ಲೇ ಇರುತ್ತವೆ, ಕಲ್ಲೆಸೆದರೆ ತಗಲುವಷ್ಟು ಹತ್ತಿರ, ಬಿಸಿಲೇರಿದರೆ ನೀರಿನ ನಡುವಿಗೆ ಸರಿದುಬಿಡುತ್ತವೆ. "ಐದೂಕಾಲಿಗೆ ಹೊರಡಾಣ" ಎಂದೆ ನೀನು. ಮಕ್ಕಳು ಪ್ರವಾಸದ ಹಿಂದಿನ ದಿನ ಇರುತ್ತಾರಲ್ಲ, ಹಾಗಿದ್ದೆ.

ನೀನು ಮತ್ತೆ ಟವಲು ಹಾಸಿದೆ. ಹಾಜರಿ ಕೂಗಿದೆ.

ಕೂಗಿದೆ, ಮುನಿರಾಜು. ಇದನ್ನು ಬೇರೆ ಸಾಲಿನಲ್ಲಿ ಬರೆಯುತ್ತಿದ್ದೇನೆ, ಕಣ್ಣು ತಪ್ಪದಿರಲಿ ಎಂದು. ಲೋಕೇಶ ಹೊರಗೆ ಹೆಂಡತಿಯ ಹತ್ತಿರ ಫೋನಿನಲ್ಲಿದ್ದ. ಕೋಣೆಯಲ್ಲಿದ್ದವರು ನಾವಿಬ್ಬರೇ. "ಸಲ್ಯೂಷನ್!" ಎಂದೆ ನೀನು. ಟೂತ್‌ಪೇಸ್ಟಿನಂತೆ ಬಾಲ ಸುತ್ತಿದ್ದ ಆ ಟ್ಯೂಬನ್ನು ನಾನೇ ಎತ್ತಿ ಹಿಡಿದು "ಹಾಜರ್" ಎಂದೆ.

ಬೆಳಗ್ಗೆ ಕೆಳಗಿಳಿದರೆ ನಿನ್ನ ಮುಂದಿನ ಚಕ್ರ ನೆಲಕ್ಕೆ ಕೂತಿತ್ತು. ದಾರಿಯುದ್ದಕ್ಕೂ ಇದ್ದ ಜಾಲಿ ಮುಳ್ಳು, ನಿಧಾನವಾಗಿ ಗಾಳಿ ಇಳಿದಿದೆ. ಅದರಲ್ಲಿ ನನ್ನ ಕೈವಾಡವಿಲ್ಲ; ಮಾಡದ ತಪ್ಪನ್ನು ಒಪ್ಪಿಕೊಳ್ಳುವಷ್ಟು ದೊಡ್ಡವನಲ್ಲ ನಾನು. ನೀನು ಬೇಜಾರೂ ಮಾಡಿಕೊಳ್ಳಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು, ಟ್ಯೂಬ್ ಮುಳುಗಿಸಿ, ಗುಳ್ಳೆ ಬಂದ ಜಾಗಕ್ಕೆ ಹೆಬ್ಬೆರಳು ಒತ್ತಿಕೊಂಡು, "ಹತ್ತು ನಿಮಿಷದ ಕೆಲಸ. ಸೀನಾ, ಮೇಲೋಗಿ ಡಬ್ಬಿ ತಗೊಂಬಾ" ಎಂದೆ.

ಹದಿನೆಂಟು ಮೆಟ್ಟಿಲು. ಪ್ರತಿಯೊಂದನ್ನೂ ಎಣಿಸಿದ್ದೇನೆ. ಕೋಣೆಗೆ ಬಂದು, ಡಬ್ಬಿ ಎತ್ತಿಕೊಳ್ಳುವ ಮೊದಲು ಒಂದು ಕ್ಷಣ ಕೂರೋಣವೆಂದು ಮಂಚದ ಮೇಲೆ ಕೂತೆ. ಅಲ್ಲಿಗೆ ಮುಗಿಯಿತು. ಆ ಹಾಸಿಗೆ — ಆ ಲಾಡ್ಜಿನ ಆ ತೆಳ್ಳನೆಯ, ಕಲೆಬಿದ್ದ ಹಾಸಿಗೆ — ಎಷ್ಟು ಮೃದುವಾಗಿತ್ತೆಂದರೆ... ಹತ್ತು ನಿಮಿಷದಲ್ಲಿ ಮತ್ತೆ ಆ ಅಲಗಿನ ಮೇಲೆ ಕೂರಬೇಕೆಂಬುದು ನೆನಪಾಯಿತು. ಪಂಕ್ಚರ್ ಅಂಗಡಿ ತೆರೆಯುವುದು ಎಂಟಕ್ಕೆ ಎಂಬುದೂ ನೆನಪಾಯಿತು. ಡಬ್ಬಿ ತೆರೆದೆ. ಸಲ್ಯೂಷನ್ ಟ್ಯೂಬನ್ನು ಪಂಚೆಯೊಳಗಿನ ಚಡ್ಡಿಯ ಜೇಬಿಗೆ ಹಾಕಿದೆ. ಮುಚ್ಚಳ ಮುಚ್ಚಿದೆ. ಇಡೀ ಅಪರಾಧಕ್ಕೆ ಒಂದು ಕೆಮ್ಮು ಕೆಮ್ಮುವಷ್ಟು ಹೊತ್ತು.

ನೀನು ಡಬ್ಬಿಯನ್ನು ಮೂರು ಸಲ ಸುರಿದು ನೋಡಿದೆ.

"ಸಲ್ಯೂಷನ್ ಎಲ್ಲೋ?"

"ಅದ್ರಲ್ಲೇ ಇರ್ಬೇಕು."

"ಇಲ್ವಲ್ಲೋ. ನಿನ್ನೆ ಹಾಜರಿ ಕೂಗ್ದಾಗ ಇತ್ತಲ್ಲ?"

ಇಲ್ಲಿ ನಾನು ನಕ್ಕು, ಜೇಬಿನಿಂದ ತೆಗೆದು, "ತಗೋ, ತಮಾಷೆ ಮಾಡ್ದೆ" ಎನ್ನಬಹುದಿತ್ತು. ಬಾಯಿ ಕೂಡ ತೆರೆದೆ. ಹೊರಗೆ ಬಂದ ಮಾತು ಬೇರೆ.

"ನಿನ್ನೆ ನೀನು ಹಾಜರಿ ಕೂಗ್ಲೇ ಇಲ್ಲ ಕಣೋ. ಮರ್ತುಬಿಟ್ಟೆ."

ನೀನು ನನ್ನ ಮುಖ ನೋಡಿದೆ. ಲೋಕೇಶನ ಮುಖ ನೋಡಿದೆ. ಅವನು ತಲೆ ಕೆರೆದುಕೊಂಡು, "ನಾನು ಫೋನಲ್ಲಿದ್ನಲ್ಲ ಅಣ್ಣ, ಗೊತ್ತಿಲ್ಲ" ಎಂದ. ನಿನ್ನ ಹೆಬ್ಬೆರಳು ಇನ್ನೂ ಟ್ಯೂಬಿನ ತೂತಿನ ಮೇಲೇ ಇತ್ತು. ಅದನ್ನು ನಿಧಾನವಾಗಿ ತೆಗೆದೆ.

"ಹೌದೇನೋ... ಕೂಗ್ದಂಗೆ ನೆನಪು ನಂಗೆ."

ಲೋಕೇಶ ತನ್ನ ಚೀಲ ಹುಡುಕಿದ. ಅವನದು ಪ್ಯಾಚು ಹಾಕುವ ಸಂಸ್ಕೃತಿಯಲ್ಲ, ಟ್ಯೂಬೇ ಬದಲಿಸುವ ಸಂಸ್ಕೃತಿ. ಅವನ ಟ್ಯೂಬು ನಿನ್ನ ಚಕ್ರಕ್ಕೆ ಆಗದು. ಆಟೋ ಮಾಡೋಣವೆಂದ. "ಮುನ್ನೂರು ಕಿಲೋಮೀಟರ್ ತುಳ್ಕೊಂಡ್ ಬಂದು ಕೊನೇ ಹತ್ತಕ್ಕೆ ಆಟೋನಾ? ನೀವಿಬ್ರೂ ಹೋಗ್ರಪ್ಪಾ, ನಾನು ಆಮೇಲ್ ಬರ್ತೀನಿ" ಎಂದೆ ನೀನು. "ಬಣ್ಣ ನೋಡ್ಬೇಕಾಗಿರೋದೇ ನೀವು. ನಾವೋಗಿ ಏನ್ ಮಾಡಾಣ?" ಎಂದ ಲೋಕೇಶ. ನಾನು ಮಹಾ ತ್ಯಾಗಿಯಂತೆ, "ಮೊದಲನೇ ನಿಬಂಧನೆ ಮುರಿಯೋ ಹಾಗಿಲ್ಲ" ಎಂದು ಘೋಷಿಸಿ, ಮೇಲೆ ಹೋಗಿ ಮಲಗಿದೆ.

ಪಶ್ಚಾತ್ತಾಪದಿಂದ ನಿದ್ದೆ ಬರಲಿಲ್ಲ ಎಂದು ಬರೆಯುವುದು ಇಂಥ ಕಡೆ ವಾಡಿಕೆ. ನನಗೆ ತುಂಬ ಚೆನ್ನಾಗಿ ನಿದ್ದೆ ಬಂತು. ಗೊರಕೆ ಬೀದಿಗೆ ಕೇಳಿಸುತ್ತಿತ್ತೆಂದು ಆಮೇಲೆ ಲೋಕೇಶ ಹೇಳಿದ.

ಶಿಕ್ಷೆ ತಕ್ಷಣವೇ ಜಾರಿಯಾಯಿತು. ಮಗ್ಗುಲು ಬದಲಿಸುವಾಗ ಟ್ಯೂಬಿನ ಮುಚ್ಚಳ ಕಳಚಿ, ಸಲ್ಯೂಷನ್ನು ಚಡ್ಡಿಗೂ, ಚಡ್ಡಿಯ ಮೂಲಕ ತರಚಿದ ತೊಡೆಗೂ ಹರಡಿ ಹಿಡಿದುಕೊಂಡಿತ್ತು. ಎದ್ದು ನಿಂತಾಗ ಬಾಯಿಂದ ಬಂದ ಸದ್ದನ್ನು ಕೇಳಿ ಲಾಡ್ಜಿನವನು ಮೇಲೆ ಓಡಿಬಂದ. ಬಾತ್‌ರೂಮಿನಲ್ಲಿ ನಾನು ಪಟ್ಟ ಪಾಡನ್ನು ಬರೆಯುವುದಿಲ್ಲ, ಜಯಮ್ಮ ಕೇಳುತ್ತಿರುತ್ತಾರೆ. ಎರಡೂ ಕಾಲು ಅಗಲಿಸಿ ಕೆಳಗಿಳಿದು ಬಂದ ನನ್ನನ್ನು ನೋಡಿ ನೀನು, ನಿನ್ನ ಸ್ಪ್ರಿಂಗ್ ಸೀಟಿನ ಮೇಲಿದ್ದ ಟವಲನ್ನು ತೆಗೆದು, ನಾಲ್ಕು ಮಡಿಕೆ ಮಾಡಿ ನನ್ನ ಸೀಟಿಗೆ ಕಟ್ಟಿದೆ. "ಮೊದ್ಲೇ ಹೇಳ್ಬಾರ್ದೇನೋ, ಮೂದೇವಿ" ಎಂದೆ.

ಅಷ್ಟೇ ಸಾಕಾಗಿತ್ತು ನನಗೆ, ಮೊದಲೇ ಹೇಳಿದ್ದರೆ. ಎರಡು ಗಂಟೆ ವಿಶ್ರಾಂತಿ ನೀನೇ ಕೊಡುತ್ತಿದ್ದೆ. ನಾನು ಕೇಳಲಿಲ್ಲ, ಕದ್ದೆ.

ಅಂಗಡಿ ತೆರೆದ ಮೇಲೆ ಪಂಕ್ಚರ್ ಹಾಕಿಸಿಕೊಂಡು ಸರೋವರಕ್ಕೆ ಬಂದಾಗ ಒಂಬತ್ತೂವರೆ. ನೀರನ್ನು ಸೀಳಿಕೊಂಡು ನೇರವಾಗಿ ಹೋಗುವ ರಸ್ತೆ. ಎಡಕ್ಕೂ ನೀರು, ಬಲಕ್ಕೂ ನೀರು, ನಡುವೆ ನಾವು ಮೂವರು. ದಡದಿಂದ ಅರ್ಧ ಮೈಲಿ ಒಳಗೆ ಬೆಸ್ತರು ಸೊಂಟಕ್ಕೂ ಬರದ ನೀರಿನಲ್ಲಿ ಬಲೆ ಹಿಡಿದು ನಡೆದು ಹೋಗುತ್ತಿದ್ದರು. ಬಣ್ಣದ ಕೊಕ್ಕರೆಗಳು ರಸ್ತೆಯ ಪಕ್ಕದಲ್ಲೇ ಕೆಸರು ಕೆದಕುತ್ತಿದ್ದವು. ಹೆಜ್ಜಾರ್ಲೆಗಳ ಒಂದು ಸಾಲು ತಲೆಯ ಮೇಲೆ ರೆಕ್ಕೆ ಅಲುಗಿಸದೆ ತೇಲಿಹೋಯಿತು. "ನಮ್ಮೂರ್ ಕೆರೇವು! ಇಲ್ಲೂ ಬಂದವ್ರೆ!" ಎಂದು ನೀನು ನೆಂಟರನ್ನು ಕಂಡವನಂತೆ ಕೈ ಬೀಸಿದೆ. ಒಂದು ನರಿ ಉಪ್ಪುಗಟ್ಟಿದ ಬಯಲಿನಲ್ಲಿ ನಿಂತು ನಮ್ಮನ್ನು ನೋಡಿ, ಪ್ರಯೋಜನವಿಲ್ಲವೆಂದು ತಿಳಿದು ಹೊರಟುಹೋಯಿತು.

ರಾಜಹಂಸಗಳು ಮಾತ್ರ ದೂರದಲ್ಲಿದ್ದವು. ನೀರು ಮುಗಿದು ಆಕಾಶ ಶುರುವಾಗುವ ಕಡೆ ಸೀಮೆಸುಣ್ಣದಲ್ಲಿ ಎಳೆದ ಗೆರೆಯಂತೆ.

"ಅದೇ ಅಣ್ಣ!" ಎಂದ ಲೋಕೇಶ.

ನೀನು ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡಿದೆ. "ಬಿಳಿ ಅಂದ್ರೆ ಬಿಳಿ. ಗುಲಾಬಿ ಅಂದ್ರೆ ಗುಲಾಬಿ. ಇಲ್ಲಿಂದ ಏನೂ ಹೇಳಕ್ಕಾಗಲ್ಲ." ಆಮೇಲೆ ನಮ್ಮ ಕಡೆ ತಿರುಗಿದೆ. "ನನ್ನಿಂದ ನಿಮ್ಗೂ ಹಾಳಾಯ್ತು ಕಣ್ರಪ್ಪಾ. ತಪ್ಪಾಯ್ತು."

ನನ್ನ ಹತ್ತಿರ ನೀನು ತಪ್ಪಾಯ್ತು ಎಂದೆ. ನನ್ನ ಹತ್ತಿರ! ಮರುದಿನ ಲೋಕೇಶನಿಗೆ ಡ್ಯೂಟಿ ಇತ್ತು, ಸಂಜೆಯೇ ಟೆಂಪೋಗೆ ಸೈಕಲ್ ಹಾಕಿ ವಾಪಸಾದೆವು. ನಾನು ದಾರಿಯಲ್ಲಿ ಖಾಲಿ ಟ್ಯೂಬನ್ನು ಜಾಲಿ ಪೊದೆಗೆ ಎಸೆದು, ವಿಷಯ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ನೀನು ಮೊದಲು ಚೀಟಿ ಬರೆಯಲು ಶುರು ಮಾಡಿದೆ. ಆಮೇಲೆ ಗೇಟಿನವರೆಗೆ ಬಂದು ಮೋಟರ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸ್ ಹೋಗುವುದು. ಆಮೇಲೆ ಕಸಿ ಕಟ್ಟುವಾಗ ಯಾವ ಗಿಡಕ್ಕೆ ಯಾವ ಚಿಗುರಿನ ಕಣ್ಣು ಎಂದು ಜಯಮ್ಮನನ್ನು ಕೇಳುವುದು — ನೀನು, ಕಣ್ಣುಮುಚ್ಚಿ ಕಟ್ಟುತ್ತಿದ್ದವನು. ಭಾನುವಾರದ ಕೆರೆ ಸುತ್ತು ಬಿಟ್ಟೆ. ನಾನು ಮಾತ್ರ ಆ ಪಂಕ್ಚರಿನ ಕಥೆಯನ್ನು ಕಚೇರಿಯ ಎದುರು ಹತ್ತಾರು ಸಲ ಹೇಳಿ ಜನರನ್ನು ನಗಿಸಿದ್ದೇನೆ. ಇದನ್ನೂ ಬರೆಯಲೇಬೇಕು. ಮೂರು ಸಲ ನಿನಗೆ ನಿಜ ಹೇಳಬೇಕೆಂದು ತೋಟದವರೆಗೆ ಬಂದೆ. ಮೂರು ಸಲವೂ ಜಯಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಬಾಯಿ ಅದಕ್ಕೆ ಉಪಯೋಗವಾಯಿತು.

ಮೊನ್ನೆ ಬಂದದ್ದು ನಾಲ್ಕನೆಯ ಸಲ. ನಿನ್ನ ಮಗಳು ನಿನ್ನನ್ನು ಬೆಂಗಳೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ ಮಾರನೆಯ ದಿನ. ಜಯಮ್ಮ ಗೇಟಿನಲ್ಲೇ ಖುಷಿಯಾಗಿ ಹೇಳಿದರು: "ಒಂದ್ ಗಂಟೆ ಪರೀಕ್ಷೆ ಮಾಡಿದ್ರಂತೆ ಸೀನಣ್ಣ. ವಾರಗಳ್ನ ಹಿಂದ್ಮುಂದಾಗಿ ಹೇಳ್ಸಿದ್ರಂತೆ. ಒಂದೂ ತಪ್ಪಿಲ್ಲ. ನೆನಪಿಗೆ ಏನೂ ಆಗಿಲ್ಲ ಅಂದ್ರಂತೆ."

ನೀನು ಜಗಲಿಯ ಮೇಲೆ ಕೂತಿದ್ದೆ. ತಲೆ ಎತ್ತಲಿಲ್ಲ.

"ಡಾಕ್ಟ್ರಿಗೇನ್ ಗೊತ್ತು? ಅವರು ಪುಲಿಕಾಟಿಗೆ ಬಂದಿದ್ರಾ? ಅವತ್ತು ನಾನು ಹಾಜರಿ ಕೂಗಿರ್ಲಿಲ್ಲ. ಕೂಗಿದ್ದೀನಿ ಅಂತ ಇವತ್ತಿಗೂ ನನ್ನ ಕಣ್ಣಿಗೆ ಕಟ್ದಂಗೈತೆ. ಇಲ್ಲದ್ದೆಲ್ಲ ಇದ್ದಂಗೆ ಕಾಣೋದೇ ಕಾಯ್ಲೆ ಅಲ್ವಾ? ಸೀನ ಅಲ್ಲೇ ಇದ್ದ. ಕೇಳು ಅವನ್ನ. ಸೀನ ಸುಳ್ಳು ಹೇಳ್ತಾನಾ?"

ಜಯಮ್ಮ ನನ್ನ ಕಡೆ ನೋಡಿದರು. ನಾನು ಚಪ್ಪಲಿ ಬಿಡುತ್ತಿದ್ದೆ. ಮತ್ತೆ ಹಾಕಿಕೊಂಡೆ.

"ಸಂಕ್ರಾಂತಿ ಆದ್ಮೇಲೆ ಮತ್ತೆ ಪುಲಿಕಾಟಿಗೆ ಹೋಗಾಣ ಅಂತಾನೆ ಲೋಕೇಶ. ನಾನು ಬರಲ್ಲಪ್ಪ. ದಾರೀಲಿ ಎಲ್ಲಾದ್ರೂ ಮರ್ತು ನಿಂತ್ಕೊಂಡ್ರೆ ನಿಮ್ಗೆ ತೊಂದ್ರೆ. ಸೈಕಲ್ ಅವನಿಗೇ ಕೊಟ್ಬಿಡ್ತೀನಿ, ಈ ಭಾನುವಾರ."

ಇವತ್ತು ಶನಿವಾರ.

"ಪ್ರಯಾಣದ ಆಯಾಸದಿಂದ" ಎಂದು ಶುರುವಾಗುವ ಒಂದು ವಾಕ್ಯವನ್ನು ಇಲ್ಲಿ ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಆಯಾಸವಿದ್ದದ್ದು ತೊಡೆಗೆ. ಸುಳ್ಳು ಹೇಳಿದ್ದು ಬಾಯಿ. ಹೇಳಿದ್ದು ಒಂದು ಬೆಳಗ್ಗೆ; ಹೇಳದೆ ಉಳಿದದ್ದು ಆರು ವರ್ಷದ ಬೆಳಗ್ಗೆಗಳು. ಒಂದು ಹಾಸಿಗೆಯ ಆಸೆಗೆ ನಿನ್ನ ತಲೆಯ ಮೇಲಿನ ನಂಬಿಕೆಯನ್ನೇ ನಿನ್ನಿಂದ ಕಿತ್ತುಕೊಂಡೆ. ಹಕ್ಕಿ ತಪ್ಪಿಸಿದ್ದು ಅದರ ಮುಂದೆ ಏನೂ ಅಲ್ಲ.

ನಾಳೆ ಲೋಕೇಶ ಬರುವ ಮೊದಲೇ ಈ ಕಾಗದ ಹಿಡಿದು ನಾನು ತೋಟಕ್ಕೆ ಬರುತ್ತೇನೆ. ನೀನು ಓದಿ ಮುಗಿಸುವವರೆಗೆ ನಿಂತೇ ಇರುತ್ತೇನೆ. ಮುದ್ದೆ ಬಡಿಸಬೇಡಿರೆಂದು ಜಯಮ್ಮನಿಗೆ ಮೊದಲೇ ಹೇಳುತ್ತೇನೆ. ನನ್ನನ್ನು ಪುಲಿಕಾಟಿಗೆ ಕರೆದುಕೊಂಡು ಹೋಗುವುದು ಬಿಡುವುದು ನಿನ್ನ ಇಷ್ಟ. ನೀನು ಮಾತ್ರ ಹೋಗು. ಆರೂವರೆಗೇ ಹೋಗಿ, ಹತ್ತಿರದಿಂದ ನೋಡಿ, ಆ ಬಣ್ಣ ಏನೆಂದು ಒಂದು ತೀರ್ಪು ಕೊಡು.

ಬೈಯುವುದಿದ್ದರೆ ಪೂರ್ತಿ ಬೈ. ನಿಧಾನವಾಗಿ, ಒಂದೊಂದಾಗಿ. ಅರವತ್ತು ವರ್ಷದಲ್ಲಿ ಕಲಿತ ಬೈಗುಳಗಳಲ್ಲಿ ಒಂದನ್ನೂ ನೀನು ಮರೆತಿಲ್ಲ — ಅದು ನನಗೆ ಗೊತ್ತು. ಆರು ವರ್ಷದಿಂದ ನನಗೊಬ್ಬನಿಗೇ ಗೊತ್ತಿತ್ತು.